ನಕಾಶೆ ಕಂಡ ದಾರಿ

ನನ್ನ ತಂಗಿಯ ಮಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಬಾರಿ ಊರಿಗೆ ಬಂದಾಗ ಶ್ರೀಗಂಧದ ಕಾವಲಿನ ನಮ್ಮ ಮನೆಯಲ್ಲಿ ಎರಡು ದಿನ ಉಳಿದುಕೊಂಡಿದ್ದ. ರಾತ್ರಿ ಊಟವಾದ ಮೇಲೆ ಅಲ್ಲಿ ತಾನು ತೆಗೆದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಕುಳಿತ. ಹಸುರು ಗುಡ್ಡಗಳು, ಕಲ್ಲು ಪೇರಿಸಿ ಕಟ್ಟಿದ ಗಿಡ್ಡ ಗೋಡೆಗಳು, ಗೋಡೆ ದಾಟಲು ಮರದ ಮೆಟ್ಟಿಲು, ಅದರ ಬದಿಯಲ್ಲಿ ಕಾಲುದಾರಿಯನ್ನು ತೋರಿಸುವ ಕೈಮರ. ಯಾರದೋ ಹೊಲ, ಯಾರದೋ ಕುರಿ. ಆದರೂ ದಾರಿ ಮಾತ್ರ ಎಲ್ಲರದು. ಶನಿವಾರ ಬಂದರೆ ಬುತ್ತಿ ಕಟ್ಟಿಕೊಂಡು ಇಡೀ ದಿನ ನಡೆಯುತ್ತಾನಂತೆ. ನಾನು ಮೆಚ್ಚಿ ತಲೆದೂಗುತ್ತಿದ್ದೆ. ಆಗ ಅವನು ಕೇಳಿದ: ‘ಮಾವ, ನಿಮ್ಮ ಕಡೆ ಹೀಗೆ ನಡೆಯೋದಕ್ಕೆ ಏನಿದೆ?’

ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಹೇಳಿಕೊಟ್ಟ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ‘ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತೇನಪ್ಪ’ ಎಂದುಬಿಟ್ಟೆ. ಅವನು ಹೊರಟುಹೋದ ಮೇಲೆ ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ನಾನು ತಿರುಗಿದ ದಾರಿಗಳ ಕಥೆಯನ್ನು ಇಂದು ಶ್ರೋತೃಗಳ ಮುಂದಿಡುತ್ತಿದ್ದೇನೆ.

ಮೊದಲಿಗೆ ಅವರ ಕಡೆಯ ಕಥೆ. ನಮ್ಮ ತಲೆಮಾರಿನವರಿಗೆ ಇಂಗ್ಲೆಂಡಿನ ಗ್ರಾಮಾಂತರ ಪರಿಚಯವಾದದ್ದು ಪಠ್ಯಪುಸ್ತಕದ ಮೂಲಕ. ಡ್ಯಾಫೊಡಿಲ್ ಎಂಬ ಹೂವನ್ನು ಕಣ್ಣಿನಿಂದ ಕಾಣದೆಯೇ ನಾವು ವರ್ಡ್ಸ್‌ವರ್ತನ ಪದ್ಯವನ್ನು ಕಂಠಪಾಠ ಮಾಡಿದೆವು. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲಂತೂ ಆ ಕವಿಗಳು ನಮ್ಮವರೇ ಆಗಿಬಿಟ್ಟರು. ಆ ನಾಡಿನ ಬೆಟ್ಟ, ಸರೋವರ, ಕಾಲುದಾರಿಗಳೆಲ್ಲ ಅನಾದಿಕಾಲದಿಂದ ಹಾಗೆಯೇ ಸುಂದರವಾಗಿ, ಎಲ್ಲರಿಗೂ ತೆರೆದು ಬಿದ್ದುಕೊಂಡಿವೆಯೆಂದು ನಾನು ನಂಬಿದ್ದೆ. ಅದು ಹಾಗಲ್ಲ.

ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ ಸಾಮಾನ್ಯ ಇಂಗ್ಲಿಷಿನವನಿಗೆ ಬೆಟ್ಟವೆಂದರೆ ದಾಟಲು ಕಷ್ಟವಾದ ಅಡ್ಡಿ, ಅಷ್ಟೆ. 1782ರಲ್ಲಿ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ದಂಡೆಯ ಪ್ರವಾಸದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಭೂದೃಶ್ಯವನ್ನು ಚಿತ್ರಪಟದಂತೆ ನೋಡುವುದು ಹೇಗೆಂದು ಅವನು ಓದುಗರಿಗೆ ಕಲಿಸಿದ. ಮುಂದೆ ಒಂದು ಮುರುಕು ಮಠ, ನಡುವೆ ನೀರು, ಹಿಂದೆ ನೀಲಿ ಗುಡ್ಡ. ಜನ ಈ ಪಾಠವನ್ನು ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ಕ್ಲಾಡ್ ಎಂಬ ಚಿತ್ರಕಾರನ ಹೆಸರಿನ ಕಪ್ಪುಛಾಯೆಯ ಉಬ್ಬುಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬೆಟ್ಟಕ್ಕೆ ಬೆನ್ನು ತಿರುಗಿಸಿ ನಿಂತು, ಕನ್ನಡಿಯೊಳಗಿನ ಬೆಟ್ಟವನ್ನು ನೋಡಿ ಆನಂದಪಡುತ್ತಿದ್ದರು! ಇಂದು ಸೆಲ್ಫಿ ತೆಗೆಯುವ ಹುಡುಗರನ್ನು ಕಂಡು ನಗುವವರು ಇದನ್ನೊಮ್ಮೆ ನೆನೆಯಬೇಕು.

ವಿಚಿತ್ರವೆಂದರೆ, ಇಂಗ್ಲಿಷರು ತಮ್ಮ ನೆಲವನ್ನು ನೋಡಲು ಕಲಿತ ಕಾಲವೇ ಆ ನೆಲ ಜನಸಾಮಾನ್ಯರ ಕೈತಪ್ಪಿದ ಕಾಲವೂ ಆಗಿತ್ತು. ಊರಿನ ದನ ಮೇಯುತ್ತಿದ್ದ, ಬಡವರು ಸೌದೆ ಆರಿಸುತ್ತಿದ್ದ ಸಾಮುದಾಯಿಕ ಭೂಮಿಗೆ ಬೇಲಿ ಹಾಕಿ ಖಾಸಗಿಯವರಿಗೆ ವಹಿಸುವ ಕಾಯಿದೆಗಳನ್ನು ಅಲ್ಲಿನ ಪಾರ್ಲಿಮೆಂಟು ಒಂದರ ಮೇಲೊಂದರಂತೆ ಮಾಡಿತು. 1604ರಿಂದ 1914ರವರೆಗೆ ಇಂಥ ಮಸೂದೆಗಳು 5,200ಕ್ಕೂ ಹೆಚ್ಚು; ಬೇಲಿಯೊಳಗೆ ಹೋದ ನೆಲ ಸುಮಾರು 68 ಲಕ್ಷ ಎಕರೆ, ಎಂದರೆ ಇಂಗ್ಲೆಂಡಿನ ಐದನೆಯ ಒಂದು ಪಾಲು. ತನ್ನ ಸರೋವರ ಪ್ರಾಂತದ ಬಗ್ಗೆ ಕೈಪಿಡಿಯನ್ನೇ ಬರೆದ ವರ್ಡ್ಸ್‌ವರ್ತನೂ ಮುದಿವಯಸ್ಸಿನಲ್ಲಿ, 1844ರಲ್ಲಿ, ಆ ಕಡೆಗೆ ರೈಲು ಬರುವುದನ್ನು ವಿರೋಧಿಸಿದ. ಗಿರಣಿಯ ಕೆಲಸಗಾರರು ಗುಂಪುಗುಂಪಾಗಿ ಬಂದಿಳಿದರೆ ಆ ಏಕಾಂತ ಕೆಟ್ಟೀತೆಂದು ಅವನ ಭಯ. ಕವಿಯ ಮೇಲಿನ ಭಕ್ತಿ ಕಡಮೆಯಾಗದೆಯೂ ಈ ವಿಷಯದಲ್ಲಿ ನಾನು ಗಿರಣಿಯವರ ಪಕ್ಷ.

ಹಾಗಾದರೆ ನನ್ನ ಸೋದರಳಿಯ ನಡೆಯುವ ದಾರಿ ತೆರೆದದ್ದು ಹೇಗೆ? ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಲಂಡನ್ನಿನ ಅಂಚಿನಲ್ಲಿ ಎಪ್ಪಿಂಗ್ ಎಂಬ ಕಾಡಿದೆ. ಚಳಿಗಾಲದಲ್ಲಿ ಅದರ ಮರಗಳ ಕೊಂಬೆ ಸವರಿ ಸೌದೆ ಒಯ್ಯುವ ಹಕ್ಕು ಲೌಟನ್ ಎಂಬ ಹಳ್ಳಿಯವರಿಗೆ ಹಿಂದಿನಿಂದಲೂ ಇತ್ತು. ಜಮೀನ್ದಾರ ಬೇಲಿ ಹಾಕಿದ. ವಿಲ್ಲಿಂಗೇಲ್ ಎಂಬ ಕೂಲಿಕಾರನ ಮನೆಯವರು ಬೇಲಿಯನ್ನು ಲೆಕ್ಕಿಸದೆ ಕೊಂಬೆ ಕಡಿದು 1866ರಲ್ಲಿ ಸೆರೆಮನೆ ಸೇರಿದರು. ಅದಕ್ಕೆ ಒಂದು ವರ್ಷ ಮೊದಲು ಸ್ಥಾಪನೆಯಾಗಿದ್ದ ಸಾಮುದಾಯಿಕ ಭೂಮಿಗಳ ರಕ್ಷಣಾ ಸಂಘ ಅವರ ಬೆನ್ನಿಗೆ ನಿಂತಿತು. ಲಂಡನ್ ನಗರದ ಆಡಳಿತವೂ, ತನಗೂ ಅಲ್ಲಿ ದನ ಮೇಯಿಸುವ ಹಕ್ಕಿದೆಯೆಂದು ನ್ಯಾಯಾಲಯಕ್ಕೆ ಹೋಯಿತು. 1878ರಲ್ಲಿ ಕಾಯಿದೆಯಾಗಿ ಸುಮಾರು 6,000 ಎಕರೆ ಕಾಡು ಶಾಶ್ವತವಾಗಿ ಸಾರ್ವಜನಿಕರದಾಯಿತು. ಕಾಡನ್ನು ಉಳಿಸಿದ್ದು ಸೌಂದರ್ಯೋಪಾಸನೆಯಲ್ಲ, ದನ ಮತ್ತು ಸೌದೆ.

ಎರಡನೆಯದು ನಮ್ಮ ಹುಡುಗನ ಊರಿನ ಪಕ್ಕದ್ದೇ. ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ನಗರಗಳ ನಡುವೆ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲುಗುಡ್ಡವಿದೆ. ಶ್ರೀಮಂತರು ಗ್ರೌಸ್ ಎಂಬ ಹಕ್ಕಿಯನ್ನು ಬೇಟೆಯಾಡಲೆಂದು ಅದಕ್ಕೆ ಕಾವಲುಗಾರರನ್ನು ಇಟ್ಟಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಯುವಕ ಮತ್ತು ಅವನ ಜೊತೆಗಾರರು, ಸುಮಾರು ನಾನೂರು ಜನ, ಬೇಕೆಂದೇ ಗುಡ್ಡ ಹತ್ತಿದರು. ಕಾವಲುಗಾರರೊಡನೆ ತಳ್ಳಾಟವಾಯಿತು, ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸಜೆಯಾಯಿತು. ಜನರ ಅನುಕಂಪ ಸೆರೆಯಾದವರ ಕಡೆಗೆ ಹರಿಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು; 1951ರಲ್ಲಿ ಅದೇ ಗುಡ್ಡಗಳು ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದವು. ಆ ಕಾಯಿದೆಯಲ್ಲಿ ಇನ್ನೊಂದು ಮಾತಿತ್ತು: ಪ್ರತಿಯೊಂದು ಜಿಲ್ಲಾಡಳಿತವೂ ತನ್ನ ಎಲ್ಲೆಯೊಳಗಿನ ಕಾಲುದಾರಿಗಳನ್ನೆಲ್ಲ ಪತ್ತೆಹಚ್ಚಿ ಒಂದು ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕು. ನಕ್ಷೆಯಲ್ಲಿ ಬಂದ ದಾರಿಯನ್ನು ಹೊಲದ ಒಡೆಯ ತನ್ನಿಷ್ಟದಂತೆ ಮುಚ್ಚುವ ಹಾಗಿಲ್ಲ. ಈ ನಕ್ಷೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನನ್ನ ಕಥೆಯಲ್ಲಿ ಅದು ಬೇಕಾಗುತ್ತದೆ.

ಗಿಲ್ಪಿನ್ ಕಲಿಸಿದ ಕಣ್ಣು ಇಂಗ್ಲೆಂಡಿನಲ್ಲಿಯೇ ಉಳಿಯಲಿಲ್ಲ. ಪುಸ್ತಕ ಬಂದ ಒಂಬತ್ತು ವರ್ಷಕ್ಕೆ ಅದು ಫಿರಂಗಿಗಳ ಜೊತೆಯಲ್ಲಿ ನಮ್ಮ ಮಾಗಡಿ ಸೀಮೆಗೆ ಬಂದಿತು. 1791ರ ಮಾರ್ಚ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಟಿಪ್ಪು ಸುಲ್ತಾನನಿಂದ ಕಿತ್ತುಕೊಂಡಿತು. ಸರಿಯಾಗಿ ಒಂಬತ್ತು ತಿಂಗಳಿಗೆ, ಡಿಸೆಂಬರ್ 21ರಂದು, ಸಾವನದುರ್ಗ ಬಿದ್ದಿತು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ, ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ತಲೆಗಳ ಆ ಏಕಶಿಲಾ ಪರ್ವತವನ್ನು ಸುತ್ತ ಬಿದಿರುಮೆಳೆ ಕಾಯುತ್ತಿತ್ತು. ಅದರ ಜ್ವರವೇ ಅರ್ಧ ಸೈನ್ಯವನ್ನು ಕೊಲ್ಲುವುದೆಂಬ ನಂಬಿಕೆಯಿತ್ತು. ಇಂಗ್ಲಿಷರು ಅದರ ಹೆಸರನ್ನು ‘ಸಾವಿನ ಬಂಡೆ’ ಎಂದು ಅರ್ಥಮಾಡಿಕೊಂಡರು. ಕೊನೆಗೆ ಗೋಡೆಯೊಡೆದು ಅದನ್ನು ಹಿಡಿದಾಗ ಅವರ ಕಡೆಗೆ ಆದ ಹಾನಿ ತೀರ ಅಲ್ಪ.

ಈ ದಂಡಯಾತ್ರೆಯ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಕೋಲ್‌ಬ್ರೂಕ್, ಅಲನ್ ಎಂಬ ಅಧಿಕಾರಿಗಳೂ ಬಿಡುವಿನಲ್ಲಿ ಚಿತ್ರ ಬರೆಯುವವರು. ಯುದ್ಧ ಮುಗಿದ ಎರಡು ಮೂರು ವರ್ಷಗಳಲ್ಲಿಯೇ ಮೈಸೂರು ಸೀಮೆಯ ದೃಶ್ಯಗಳ ಸಂಪುಟಗಳು ಲಂಡನ್ನಿನಲ್ಲಿ ಮಾರಾಟಕ್ಕೆ ಬಂದವು, ಹೋಮನದು 1794ರಲ್ಲಿ. ಅವುಗಳಲ್ಲಿ ಬೆಂಗಳೂರಿನ ಕೋಟೆಯಿದೆ, ಸಾವನದುರ್ಗವಿದೆ. ಮುಂಭಾಗದಲ್ಲಿ ಒಂದು ಮರ, ನಡುವೆ ಪುಟ್ಟ ಮನುಷ್ಯರು, ಹಿಂದೆ ಭವ್ಯವಾದ ಬಂಡೆ. ಗಿಲ್ಪಿನ್ ನೋಡಿದ್ದರೆ ಒಪ್ಪಿಕೊಳ್ಳುತ್ತಿದ್ದ. ಈ ಚಿತ್ರಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅಂದಿನ ನಮ್ಮ ನಾಡಿನ ಮುಖ ಹೇಗಿತ್ತೆಂದು ತಿಳಿಯಲು ಅವೇ ನಮಗಿರುವ ಕಿಟಕಿಗಳು. ಆದರೆ ಕಿಟಕಿ ಯಾವ ಗೋಡೆಯಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಸಾವನದುರ್ಗದ ಬುಡದಲ್ಲಿ ವೀರಭದ್ರನೂ ನರಸಿಂಹನೂ ಇದ್ದಾರೆ. ಸುತ್ತಿನ ಹಳ್ಳಿಗಳವರು ಬೆಟ್ಟದ ಕಡೆಗೆ ನಡೆದದ್ದು ದೃಶ್ಯಕ್ಕಾಗಿ ಅಲ್ಲ, ಹರಕೆಗಾಗಿ. ನಡೆದವರು ದೃಶ್ಯವನ್ನು ಕಾಣಲಿಲ್ಲವೆ? ಕಂಡಿರುತ್ತಾರೆ, ಬರೆದಿಡಲಿಲ್ಲ, ಅಷ್ಟೆ. ಎಷ್ಟೋ ವರ್ಷಗಳ ನಂತರ ಡೇವಿಡ್ ಲೀನ್ ಎಂಬ ಇಂಗ್ಲಿಷ್ ನಿರ್ದೇಶಕ 1984ರಲ್ಲಿ ತೆರೆಕಂಡ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಗುಹೆಯ ಬೆಟ್ಟಗಳು ಬೇಕಾದಾಗ ಹುಡುಕಿಕೊಂಡು ಬಂದದ್ದೂ ಇದೇ ಸಾವನದುರ್ಗ, ರಾಮದೇವರ ಬೆಟ್ಟಗಳಿಗೆ. ಕಥೆ ನಡೆಯುವುದು ಬಿಹಾರದಲ್ಲಿ, ಬಂಡೆ ಮಾತ್ರ ಮಾಗಡಿಯದು!

ಇನ್ನು ನನ್ನ ಊರಿಗೆ ಬರುತ್ತೇನೆ. ‘ಊರು’ ಎಂದು ಕರೆದರೆ ನಗುವವರಿದ್ದಾರೆ. ಇಲ್ಲಿ ಈಗ ಮನೆಗೆ ಮನೆ ತಾಗಿಕೊಂಡಿದೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ, ಅದರ ಮೇಲೆ ನೀರಿನ ತೊಟ್ಟಿ. ಶ್ರೀಗಂಧದ ಒಂದು ಕಡ್ಡಿಯನ್ನೂ ನಾನು ಈ ಬೀದಿಗಳಲ್ಲಿ ಬಹುಕಾಲ ಕಂಡಿರಲಿಲ್ಲ, ಊದಿನಕಡ್ಡಿಯ ಪೊಟ್ಟಣದ ಮೇಲಿನ ಚಿತ್ರದ ಹೊರತು. ಆದರೂ ಒಂದು ದಿನ ಮಾಗಡಿ ರಸ್ತೆಯ ಬಸ್ಸಿನಲ್ಲಿ ಕುಳಿತು ನಿಲ್ದಾಣಗಳ ಹೆಸರನ್ನು ನಿರ್ವಾಹಕ ಕೂಗುವುದನ್ನು ಕೇಳುತ್ತಿದ್ದೆ. ಕೊಟ್ಟಿಗೆಪಾಳ್ಯ, ಸುಂಕದಕಟ್ಟೆ, ಗೊಲ್ಲರಹಟ್ಟಿ, ಬ್ಯಾಡರಹಳ್ಳಿ. ದಿನವೂ ಕೇಳುವ ಹೆಸರುಗಳೇ. ಅಂದು ಮಾತ್ರ ಅವು ಬೇರೆಯಾಗಿ ಕೇಳಿಸಿದವು. ದನದ ಕೊಟ್ಟಿಗೆ, ಸರಕಿಗೆ ಸುಂಕ ವಸೂಲಿ ಮಾಡುವ ಕಟ್ಟೆ, ದನ ಕಾಯುವ ಗೊಲ್ಲರ ಹಟ್ಟಿ, ಬೇಟೆಗಾರ ಬೇಡರ ಹಳ್ಳಿ, ಇವುಗಳ ಮಗ್ಗುಲಲ್ಲಿ ಗಂಧದ ಮರವಿದ್ದ ಕಾವಲು. ಇಡೀ ಒಂದು ಸೀಮೆಯ ಬದುಕನ್ನು ಸಾಲಾಗಿ ಕೂಗಿ ಹೇಳಿದಂತಾಯಿತು. ಯಾವ ಹೋಮನೂ ಬರೆಯದ ಚಿತ್ರ ನಿರ್ವಾಹಕನ ಬಾಯಲ್ಲಿತ್ತು.

ಕಾವಲು ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಪಹರೆ ಎಂಬ ಅರ್ಥ ಎಲ್ಲರಿಗೂ ಗೊತ್ತು. ಮೈಸೂರು ಸೀಮೆಯಲ್ಲಿ ಪಹರೆಯಿಟ್ಟು ಕಾಯ್ದ ಹುಲ್ಲುಗಾವಲಿಗೇ ಕಾವಲು ಎಂದು ಹೆಸರಾಯಿತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿ, ರಾಜ್ಯದ ನಾನಾ ಭಾಗಗಳಲ್ಲಿ ಕಾವಲುಗಳನ್ನು ಗುರುತಿಸಿದರು. ಹೈದರನ ಕಾಲಕ್ಕೆ ಆ ಎತ್ತುಗಳು ಫಿರಂಗಿ ಎಳೆಯುವ ಸೈನ್ಯದ ಬಲವಾದವು. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರು ಬದಲಿಸಿ, ದನಗಳ ಪೋಷಣೆಗೆ ನಿಯಮಾವಳಿಯನ್ನೇ ಹೊರಡಿಸಿದ. 1799ರ ನಂತರ ಅದು ಇಂಗ್ಲಿಷರ ವಶವಾಯಿತು. 1860ರಲ್ಲಿ ಮುಚ್ಚಿ, ಎತ್ತುಗಳಿಲ್ಲದೆ ಕೆಲಸ ಕೆಟ್ಟಾಗ 1866ರಲ್ಲಿ ಮತ್ತೆ ತೆರೆದರು. ಮುಂದೆ ಅದು ಮೈಸೂರು ಸರ್ಕಾರದ ಕೈಗೆ ಮರಳಿತು. ಕಾವಲುಗಳಲ್ಲಿಯೂ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು. ಕೆರೆ ಮತ್ತು ನೆರಳು ಇರುವ ಕಡೆ ಬೇಸಗೆ ಕಳೆದು, ಮಳೆ ಬಿದ್ದ ಮೇಲೆ ದನಗಳು ಇನ್ನೊಂದು ಕಾವಲಿಗೆ ನಡೆಯುತ್ತಿದ್ದವು. ನಮ್ಮ ನಾಡಿನ ಮಹಾ ನಡಿಗೆಗಾರರು ದನಗಳು ಮತ್ತು ಅವುಗಳ ಹಿಂದಿನ ಗೊಲ್ಲರು ಎಂದರೆ ಅತಿಶಯೋಕ್ತಿಯಾಗಲಾರದು.

ಗಂಧದ ಕಾವಲಿನ ರೀತಿ ಇನ್ನೂ ಬಿಗಿಯಾದದ್ದು. ಟಿಪ್ಪು ಸುಲ್ತಾನ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲೇ ಹುಟ್ಟಲಿ, ಅದು ಸರ್ಕಾರದ್ದು. ರಾಜರು ಹೋದರು, ಕಂಪನಿ ಹೋಯಿತು, ಸ್ವಾತಂತ್ರ್ಯ ಬಂತು. ನಿಯಮ ಮಾತ್ರ ಕದಲಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ವಿಶ್ವೇಶ್ವರಯ್ಯನವರ ಆಡಳಿತ 1916ರಲ್ಲಿ ಬೆಂಗಳೂರಿನಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ತೆರೆಯಿತು; ಎರಡು ವರ್ಷದಲ್ಲಿ ಗಂಧದ ಸಾಬೂನು ಹುಟ್ಟಿತು. ಆ ಪರಿಮಳ ನಮ್ಮ ಹೆಮ್ಮೆಯಾಯಿತು. ರೈತನಿಗೆ ಮಾತ್ರ ಗಂಧದ ಸಸಿ ಎಂದರೆ ತಲೆನೋವು. ಬೆಳೆಸಿದರೆ ಲಾಭವಿಲ್ಲ, ಕಳ್ಳರು ಕಡಿದರೆ ವಿಚಾರಣೆ ತಪ್ಪದು. ಆದ್ದರಿಂದ ಬದುವಿನಲ್ಲಿ ಮೊಳೆತ ಸಸಿಯನ್ನು ಯಾರೂ ನೋಡುವ ಮೊದಲೇ ಕಿತ್ತೆಸೆಯುವುದು ವಾಡಿಕೆಯಾಯಿತು. 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ನೆಲದ ಒಡೆಯನೇ ಮರದ ಒಡೆಯ ಎಂದಾಗುವವರೆಗೆ, ಇನ್ನೂರು ವರ್ಷಕ್ಕೂ ಮೀರಿ, ಇದೇ ನಡೆಯಿತು.

ಆದ್ದರಿಂದ ನಮ್ಮ ಕಾವಲನ್ನು ಇಂಗ್ಲೆಂಡಿನ ಸಾಮುದಾಯಿಕ ಹುಲ್ಲುಗಾವಲಿಗೆ ಹೋಲಿಸುವುದು ಸರಿಯಲ್ಲ. ಊರಿನ ದನಕ್ಕೆ ಗೋಮಾಳವಿತ್ತು, ಊರಿನ ನೆರಳಿಗೆ ಗುಂಡುತೋಪಿತ್ತು, ಕಾವಲು ಅರಸನದು. ಅದಕ್ಕೆ ಸಮನಾದದ್ದು ಕಿಂಡರ್ ಸ್ಕೌಟಿನ ಬೇಟೆಗುಡ್ಡ. ಅಲ್ಲಿ ಕಾವಲು ಸರಿದಾಗ ನಡೆಯುವವರು ಒಳಕ್ಕೆ ಬಂದರು. ಇಲ್ಲಿ ಕಾವಲು ಸರಿದಾಗ ಬಂದವರು ಮನೆ ಬೇಕಾದವರು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ಸಿದ್ಧ ಉಡುಪಿನ ಹೆಣ್ಣುಮಕ್ಕಳು, ತುಮಕೂರು ಮಂಡ್ಯಗಳ ಕಡೆಯಿಂದ ಬಂದ ನನ್ನಂಥ ಮೇಷ್ಟರುಗಳು. ನನ್ನ ನಿವೇಶನ 30 ಅಡಿ ಅಗಲ, 40 ಅಡಿ ಉದ್ದ. ಮೋಜಣಿಯ ಲೆಕ್ಕದಲ್ಲಿ 33 ಅಡಿ ಚೌಕವೆಂದರೆ ಒಂದು ಗುಂಟೆ. ಎಂದರೆ ನಾನು ಒಂದು ಗುಂಟೆಗಿಂತ ತುಸು ಹೆಚ್ಚು ನೆಲದ ಮೇಲೆ ಕುಳಿತಿದ್ದೇನೆ. ಈ ಭೂಮಿಯ ಮೇಲೆ ಮನೆಗಳಾಗಬಾರದಿತ್ತು ಎಂದು ಹೇಳಲು ನನಗೆ ಬಾಯಿಲ್ಲ. ದಾರಿಗಳ ಮಾತು ಬೇರೆ.

ನಮ್ಮ ಕಂದಾಯ ಇಲಾಖೆಯವರ ಬಾಯಲ್ಲಿ ಒಂದು ಸೊಗಸಾದ ಮಾತಿದೆ: ‘ನಕಾಶೆ ಕಂಡ ದಾರಿ’. ಗ್ರಾಮನಕಾಶೆಯಲ್ಲಿ ಗುರುತಾಗಿರುವ ದಾರಿ ಎಂದರ್ಥ. ಮೈಸೂರಿನಲ್ಲಿ 1863ರಿಂದ ಕಂದಾಯದ ಮೋಜಣಿ ನಡೆದಾಗ ಸರಪಳಿ ಹಿಡಿದು ಊರೂರು ಅಳೆದವರು ಹೊಲಗಳ ಎಲ್ಲೆಗಳನ್ನಷ್ಟೇ ಬರೆಯಲಿಲ್ಲ. ಹಳ್ಳ, ಕೆರೆ, ತೋಪು, ಬಾವಿ, ಬಂಡಿದಾರಿ, ಕಾಲುದಾರಿಗಳನ್ನೂ ಬರೆದರು. ಕಾಲುದಾರಿಗೆ ಚುಕ್ಕಿಯ ಗೆರೆ. ಇಂಗ್ಲೆಂಡು 1949ರಲ್ಲಿ ಕಾಯಿದೆ ಮಾಡಿ ಬರೆಸಿದ ನಕ್ಷೆಯಂಥದು ನಮ್ಮಲ್ಲಿ ಅದಕ್ಕೂ ಮುಂಚೆಯೇ ಹಳ್ಳಿಗೊಂದರಂತೆ ಇತ್ತು! ಇದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸೋದರಳಿಯನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡೆ.

ಹಣ ಕಟ್ಟಿ ನಕಾಶೆಯ ಪ್ರತಿ ಪಡೆದೆ. ಒಂದು ಭಾನುವಾರ ಬೆಳಗ್ಗೆ ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಚುಕ್ಕಿಗೆರೆಯೊಂದನ್ನು ಹಿಡಿದು ಪಶ್ಚಿಮಕ್ಕೆ ಹೊರಟೆ. ಮೊದಲ ಅರ್ಧ ಮೈಲಿ ದಾರಿಯ ಗುರುತೇ ಇರಲಿಲ್ಲ. ಅಡ್ಡರಸ್ತೆ, ಮುಖ್ಯರಸ್ತೆಗಳ ಚೌಕುಳಿ. ಆದರೆ ಒಂದು ಕಡೆ ಎಲ್ಲ ರಸ್ತೆಗಳೂ ನೆಟ್ಟಗೆ ಹೋಗಿರುವಾಗ ಒಂದು ಸಣ್ಣ ಓಣಿ ಮಾತ್ರ ಓರೆಯಾಗಿ ತಿರುಗಿತು. ನಕಾಶೆ ತೆಗೆದು ನೋಡಿದೆ. ಚುಕ್ಕಿಗೆರೆಯೂ ಅಲ್ಲೇ ಓರೆಯಾಗಿತ್ತು! ಹಿಂದೊಮ್ಮೆ ದನಗಳು ಬಂಡೆಯನ್ನೋ ಹಳ್ಳವನ್ನೋ ಬಳಸಿ ನಡೆದ ತಿರುವು ಕಾಂಕ್ರೀಟಿನಲ್ಲಿ ಉಳಿದುಕೊಂಡಿತ್ತು. ಆ ಓಣಿಯ ತುದಿಯಲ್ಲಿ ಒಂದು ಅರಳಿಕಟ್ಟೆ. ಕಟ್ಟೆಯ ಮೇಲೆ ವಯಸ್ಸಾದ ಯಜಮಾನರೊಬ್ಬರು ಕುಳಿತಿದ್ದರು.

‘ಯಜಮಾನ್ರೇ, ಇಲ್ಲಿಂದ ಕೆರೆಗೆ ಕಾಲುದಾರಿ ಇತ್ತೇ?’ ಎಂದು ಕೇಳಿದೆ.

‘ಇತ್ತಲ್ಲ ಮೇಷ್ಟ್ರೇ. ನಮ್ಮಪ್ಪನ ಕಾಲದಿಂದ ಎಮ್ಮೆ ಹೊಡ್ಕೊಂಡು ಹೋಗ್ತಿದ್ದುದೇ ಅದರಲ್ಲಿ. ಈಗ ಹೋಗಿ ನೋಡಿ, ಗೋಡೆ ಸಿಗ್ತದೆ’ ಎಂದರು. ನಾನು ಮೇಷ್ಟರೆಂದು ಅವರಿಗೆ ಹೇಗೆ ತಿಳಿಯಿತೋ! ಕನ್ನಡಕವೂ ಕೈಯಲ್ಲಿನ ಕಾಗದವೂ ಹೇಳಿರಬೇಕು.

ಗೋಡೆ ಸಿಕ್ಕಿತು. ಎರಡಾಳೆತ್ತರದ ಗೋಡೆ, ಮೇಲೆ ಗಾಜಿನ ಚೂರು. ಗೇಟಿನಲ್ಲಿದ್ದ ಹುಡುಗನಿಗೆ ನಕಾಶೆ ತೋರಿಸಿದೆ. ಪಾಪ, ಅವನು ದೂರದ ಒರಿಸ್ಸಾದವನು, ಕನ್ನಡ ಬಾರದು. ಕಾವಲಿನವನು ಕಾವಲು ಮಾಡುತ್ತಿದ್ದ, ಅಷ್ಟೆ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ. ಒಂದು ಮೇಜಿನವರು ಇದು ನಗರವಾಗಿಬಿಟ್ಟಿದೆ, ಗ್ರಾಮನಕಾಶೆ ನಡೆಯದು ಎಂದರು. ಇನ್ನೊಂದು ಮೇಜಿನವರು ದಾರಿ ಕಾನೂನಿನಲ್ಲಿ ಇನ್ನೂ ಇದೆ, ನೆಲದ ಮೇಲಿಲ್ಲ ಎಂದರು. ಈ ಎರಡನೆಯ ಉತ್ತರದ ವೇದಾಂತವನ್ನು ನಾನು ಇನ್ನೂ ಮನನ ಮಾಡುತ್ತಿದ್ದೇನೆ. ಅರ್ಜಿಗೆ ಸಂಖ್ಯೆ ಬಿದ್ದಿದೆ.

ಇಷ್ಟರಿಂದ ಎಲ್ಲವೂ ಮುಗಿದುಹೋಯಿತೆಂದು ಶ್ರೋತೃಗಳು ಭಾವಿಸಬಾರದು. ನಡೆಯಲು ಏನಿದೆ ಎಂಬ ಪ್ರಶ್ನೆಗೆ ನಾನು ಮುಂದಿನ ಒಂದು ವರ್ಷ ಕಾಲಿನಿಂದಲೇ ಉತ್ತರ ಬರೆದೆ. ಲಾಲ್‌ಬಾಗಿನ ಬಂಡೆಯ ಮೇಲೆ ನೂರು ಸಲ ಕಡಲೆಕಾಯಿ ತಿಂದಿದ್ದೆ. ಅದು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದೂ, 1975ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರೆಂದೂ ಅಲ್ಲಿನ ಫಲಕವನ್ನು ಓದಿ ತಿಳಿದದ್ದು ಈಚೆಗೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ವರ್ಡ್ಸ್‌ವರ್ತನ ಸರೋವರ ಪ್ರಾಂತದ ಬಂಡೆಗಳು ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸುಗಳು. ನನ್ನ ಮನೆಯ ಪಾಯ ತೋಡಿದಾಗ ಗುದ್ದಲಿಗೆ ಅಡ್ಡ ಬಂದು ಗುತ್ತಿಗೆದಾರನ ಬಾಯಿಂದ ಬೈಗುಳ ಕೇಳಿದ್ದೂ ಈ ಜಾತಿಯ ಕಲ್ಲೇ.

ಕೇತೋಹಳ್ಳಿಯ ದೊಡ್ಡಾಲದ ಮರಕ್ಕೆ ಹೋದೆ. ಸುಮಾರು ಮೂರು ಎಕರೆ ಹರಡಿರುವ, ನಾನೂರು ವರ್ಷದ್ದೆನ್ನುವ ಮರ. ಮೂಲ ಕಾಂಡ ರೋಗದಿಂದ ಹಿಂದೆಯೇ ನಾಶವಾಗಿದೆ. 2024ರ ಜೂನಿನ ಗಾಳಿಮಳೆಗೆ ಇನ್ನೊಂದು ಭಾಗ ಉರುಳಿತು. ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತುಕೊಂಡಿವೆ. ದಕ್ಷಿಣದಲ್ಲಿ ತುರಹಳ್ಳಿಯ ಗುಡ್ಡಗಾಡಿದೆ. ಅದರ ಸುತ್ತಿನ ನೆಲದ ಹೆಸರೂ ಕಾವಲೇ, ಉತ್ತರಹಳ್ಳಿ ಮನವರ್ತೆ ಕಾವಲು. ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾನಿಲಯದ ಸಾವಿರ ಎಕರೆಗೂ ಮಿಕ್ಕ ಆವರಣದಲ್ಲಿ ಬೆಳಗಿನ ಹೊತ್ತು ನವಿಲು ಕೂಗುವುದನ್ನು ಕೇಳಿದ್ದೇನೆ. ಪಕ್ಕದಲ್ಲೇ ವೃಷಭಾವತಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಪುರಾಣ ಹೇಳುವ ಹೊಳೆ. ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ, ಕೆಂಗೇರಿಯ ಮುಂದೆ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅದರ ದಂಡೆಯಲ್ಲಿ ನಡೆಯಲು ಮೂಗು ಬಿಡುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳಲಾರೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಘಟ್ಟದ ಹುಲ್ಲುಗಾವಲು. ನಗರದ ಅಂಚಿನಲ್ಲಿ ಇಂದಿಗೂ ಕಾವಲು ಎಂಬ ಮಾತಿನ ಅರ್ಥ ಕಣ್ಣಿಗೆ ಕಾಣುವ ಜಾಗ ಅದು. ಮರಗಳಿಲ್ಲ, ಆದ್ದರಿಂದ ಅನೇಕರಿಗೆ ಅದು ಪಾಳುಭೂಮಿ. ಗಿಲ್ಪಿನ್ ಬಂದಿದ್ದರೂ ‘ಮುಂಭಾಗಕ್ಕೆ ಏನೂ ಇಲ್ಲ’ ಎಂದು ಹೊರಟುಬಿಡುತ್ತಿದ್ದನೇನೋ. ಆದರೆ ಮಾಗಿಯ ಬೆಳಗಿನಲ್ಲಿ ಆಳೆತ್ತರದ ಹುಲ್ಲಿನ ತೆನೆಯ ಮೇಲೆ ಬಿಸಿಲು ಬೀಳುವಾಗ, ದೂರದೇಶದಿಂದ ವಲಸೆ ಬಂದ ಗಿಡುಗ ರೆಕ್ಕೆಯಲುಗಿಸದೆ ಅದರ ಮೇಲೆ ತೇಲುವಾಗ, ನನ್ನ ಅಳಿಯನ ಚಿತ್ರಗಳೆಲ್ಲ ಮರೆತುಹೋದವು. ಈ ನೆಲವನ್ನು ಚಲನಚಿತ್ರನಗರಕ್ಕೆ, ಮತ್ತೊಂದಕ್ಕೆ ಎಂದು ಕೇಳಿದವರು ಹಲವರು. ಸಂರಕ್ಷಣಾ ಮೀಸಲು ಮಾಡಬೇಕೆಂಬ ಪ್ರಸ್ತಾಪ ಒಮ್ಮೆ ಬಿದ್ದುಹೋಗಿ, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಐದು ಸಾವಿರ ಎಕರೆಗೂ ಹೆಚ್ಚು ಪ್ರದೇಶಕ್ಕೆ ಒಪ್ಪಿಗೆ ಕೊಟ್ಟಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತ ಮಹಲ್ ಕಾವಲಿಗೆ ಆ ಅದೃಷ್ಟವಿರಲಿಲ್ಲ. ಅಲ್ಲಿ ಸುಮಾರು ಹತ್ತು ಸಾವಿರ ಎಕರೆ ನೆಲ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಉದ್ದಾನುದ್ದ ಗೋಡೆ ಎದ್ದಿತು, ಕುರಿ ಮೇಯಿಸುವವರು ನ್ಯಾಯಮಂಡಳಿಯವರೆಗೆ ನಡೆದರು.

ಸೋದರಳಿಯ ಈ ವರ್ಷ ಮತ್ತೆ ಬಂದಿದ್ದ. ಈ ಬಾರಿ ಅವನನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋದೆ. ನನ್ನ ಮಂಡಿ ಅರ್ಧದಲ್ಲಿಯೇ ಸತ್ಯಾಗ್ರಹ ಹೂಡಿತು. ಅವನು ಮೇಲೆ ಹೋಗಿ ಬಂದ. ಮಂಚನಬೆಲೆಯ ನೀರು ಕಂಡಿತೆಂದ, ಹಾಳುಬಿದ್ದ ಕೋಟೆಯ ಗೋಡೆ ಕಂಡಿತೆಂದ, ನಮ್ಮ ಮನೆಯ ಕಡೆ ಬರೀ ಮಸುಕು ಎಂದ. ‘ಅಲ್ಲಿ ಕೈಮರ ಇಲ್ಲ ಮಾವ, ಆದರೂ ದಾರಿ ತಪ್ಪಲಿಲ್ಲ, ಮುಂದೆ ಹೋದವರು ಬಂಡೆಯ ಮೇಲೆ ಬಿಳಿ ಬಾಣ ಬರೆದಿದ್ದಾರೆ’ ಎಂದ. ಬುಡದಲ್ಲಿ ವೀರಭದ್ರನಿಗೆ ಕೈಮುಗಿದು, ಚುರುಮುರಿ ತಿಂದು, ಸಂ‍ಜೆಯ ಬಸ್ಸಿಗೆ ಮರಳಿದೆವು.

ಮನೆಗೆ ಬಂದಾಗ ಪಕ್ಕದ ಮನೆಯವರು ಗೇಟಿನ ಬಳಿ ಕಾಯುತ್ತಿದ್ದರು. ಅವರ ಕರಿಬೇವಿನ ಗಿಡದ ಬುಡದಲ್ಲಿ ಒಂದು ಹೊಸ ಗಿಡ ಎದ್ದಿದೆ, ಏನೆಂದು ನೋಡಿ ಎಂದು ಕರೆದರು. ಮೊಣಕಾಲುದ್ದ ಬೆಳೆದಿತ್ತು. ಎದುರುಬದುರಾದ ನಯವಾದ ಎಲೆ, ಕೆಂಪುಛಾಯೆಯ ಚಿಗುರು. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತವೆ. ಗಂಧದ ಸಸಿ ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ಅದರ ಸಾರ ಹೀರಿ ಬೆಳೆಯುವ ಜಾತಿ. ಕರಿಬೇವು ಅದಕ್ಕೆ ಆಸರೆ ಕೊಟ್ಟಿತ್ತು. ‘ಶ್ರೀಗಂಧ ಸ್ವಾಮಿ ಇದು’ ಎಂದೆ. ಅವರ ಮುಖ ಸಣ್ಣಗಾಯಿತು. ‘ಫಾರೆಸ್ಟಿನವರಿಗೆ ತಿಳಿಸಬೇಕೇ? ಕಿತ್ತುಬಿಡಲೇ?’ ಎಂದರು. 2001ರ ತಿದ್ದುಪಡಿಯನ್ನು ವಿವರಿಸಿದೆ. ಮಾರುವಾಗ ಕಟ್ಟುಪಾಡುಗಳಿವೆ, ಬೆಳೆಸಲು ಯಾರ ಅಡ್ಡಿಯೂ ಇಲ್ಲ ಎಂದೆ. ಅವರು ಪೂರ್ತಿ ನಂಬಲಿಲ್ಲ. ಬೀದಿಯವರ ಕಣ್ಣಿಗೆ ಬೀಳದಂತೆ ಸದ್ಯಕ್ಕೆ ಅದರ ಮುಂದೆ ಒಂದು ಹಳೆಯ ತಗಡನ್ನು ನಿಲ್ಲಿಸಿದ್ದಾರೆ.